ಮ್ಯಾಗ್ನೆಟ್ ಅಂಟಿತು, ಹಾಗಾದರೆ ಫ್ರೇಮ್ ಅಲಾಯ್ ಅಲ್ವಾ?

ಪ್ರಶ್ನೆ: ನಮ್ಮೂರು ಹಾವೇರಿ ಕಡೆ. ಕೆಲಸಕ್ಕಾಗಿ ಗೋವಾದ ವಾಸ್ಕೋದಲ್ಲಿದ್ದೇನೆ. ಮಗನಿಗೆ ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಕೊಂಡೆ. ಮಾರಿದವರು ‘ಫುಲ್ ಅಲಾಯ್’ ಅಂದಿದ್ದರು. ಮನೆಯಲ್ಲಿ ಮ್ಯಾಗ್ನೆಟ್ ಹಿಡಿದರೆ ಫ್ರೇಮಿಗೆ ಗಟ್ಟಿಯಾಗಿ ಅಂಟುತ್ತದೆ. ರಿಮ್ಮಿಗೂ ಸೀಟ್ ಪೋಸ್ಟಿಗೂ ಅಂಟುವುದಿಲ್ಲ. ಸೀಟ್ ಎತ್ತರಿಸಲು ಹೋದರೆ ಪೋಸ್ಟ್ ಅಲುಗಾಡುತ್ತಲೇ ಇಲ್ಲ, ಬುಡದಲ್ಲಿ ಬಿಳಿ ಪುಡಿ ಇದೆ. ಮೋಸ ಹೋದೆನೇ ಸರ್?

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಅಂಗಡಿ ಮಾತಿನಲ್ಲಿ ಅಲಾಯ್ ಅಂದರೆ ಅಲ್ಯೂಮಿನಿಯಂ. ನಿಮ್ಮ ರಿಮ್, ಸೀಟ್ ಪೋಸ್ಟ್ ಅದರವೇ. ಬಿಳಿ ಪುಡಿಯೂ ಅದನ್ನೇ ಹೇಳುತ್ತದೆ: ಕಬ್ಬಿಣಕ್ಕೆ ಕೆಂಪು ತುಕ್ಕು, ಅಲ್ಯೂಮಿನಿಯಂಗೆ ಬಿಳಿ ಪುಡಿ. ಫ್ರೇಮ್ ಮಾತ್ರ ಉಕ್ಕಿನದು. ಒಮ್ಮೆ ಬೋಲ್ಟ್‌ಗಳಿಂದ ದೂರ, ಪೈಪಿನ ನಡುವೆ ಮ್ಯಾಗ್ನೆಟ್ ಹಿಡಿದು ಖಚಿತ ಮಾಡಿಕೊಳ್ಳಿ.

ಆದರೆ ಉಕ್ಕು ಅಂದ ಮಾತ್ರಕ್ಕೆ ಬೇಜಾರಾಗಬೇಡಿ. ಉಕ್ಕಿನಲ್ಲೂ ಎರಡು ಥರ. ಒಂದು ಸಾಧಾರಣ ಹೈ-ಟೆನ್, ಇನ್ನೊಂದು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಕ್ರೋಮೋಲಿ. ಎರಡಕ್ಕೂ ಮ್ಯಾಗ್ನೆಟ್ ಅಂಟುತ್ತದೆ. ಕ್ರೋಮೋಲಿಗೆ ಬಲ ಜಾಸ್ತಿ, ಹಾಗಾಗಿ ಪೈಪ್ ತೆಳ್ಳಗೆ ಮಾಡಬಹುದು. ಫ್ರೇಮಿನ ಮೇಲೆ 4130 ಅಂತ ಸ್ಟಿಕ್ಕರ್ ಇದ್ದರೆ ಅದೇ. ಇಲ್ಲದಿದ್ದರೆ ಸೀಟ್ ಪೋಸ್ಟಿನ ದಪ್ಪ ನೋಡಿ. ಸೀಟಿನ ಕೆಳಗಿನ ಫ್ರೇಮ್ ಪೈಪ್ ಹೊರಗಿನಿಂದ 28.6 ಮಿ.ಮೀ. ಇದ್ದು, ಪೋಸ್ಟ್ 27.2 ಇದ್ದರೆ ಪೈಪಿನ ಗೋಡೆ ತೆಳ್ಳಗಿದೆ, ಒಳ್ಳೆಯ ಉಕ್ಕಿರಬಹುದು. ಪೋಸ್ಟ್ 25.4 ಇದ್ದರೆ ಗೋಡೆ ದಪ್ಪ, ಸಾಧಾರಣ ಉಕ್ಕೇ ಇರಬೇಕು. ಈ ಅಂಕಿ ಸಾಮಾನ್ಯವಾಗಿ ಪೋಸ್ಟಿನ ಮೇಲೆಯೇ ಒತ್ತಿರುತ್ತಾರೆ.

ಸ್ಪೋಕ್‌ಗಳಿಗೂ ಮ್ಯಾಗ್ನೆಟ್ ಹಿಡಿಯಿರಿ. ಹೊಳಪಿದ್ದು, ಸ್ವಲ್ಪವೇ ಸೆಳೆದರೆ ಅಥವಾ ಸೆಳೆಯದೇ ಇದ್ದರೆ ಸ್ಟೇನ್‌ಲೆಸ್. ಮಂಕಾಗಿದ್ದು ಗಟ್ಟಿಯಾಗಿ ಅಂಟಿದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಕಡ್ಡಿ, ಕಡಲಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ. ರಿಮ್ ಅಲಾಯ್ ಆಗಿರುವುದು ಮಾತ್ರ ನಿಜವಾಗಲೂ ಒಳ್ಳೆಯದು. ಕ್ರೋಮ್ ಹೊಡೆದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಹಿಡಿಯುವುದೇ ಕಷ್ಟ, ಅದೂ ಮಗು ಓಡಿಸುವ ಸೈಕಲ್!

ನನಗೆ ಚಿಂತೆ ಇರುವುದು ಆ ಪೋಸ್ಟಿನ ಬಗ್ಗೆ. ಉಕ್ಕು, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿರುವಾಗ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹುಟ್ಟಿದ ಬಿಳಿ ಪುಡಿ ಮೊದಲಿದ್ದ ಲೋಹಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಅದಕ್ಕೇ ಪೋಸ್ಟ್ ಬಿರಡೆ ಹಾಕಿದಂತೆ ಬಿಗಿದುಕೊಂಡಿದೆ. ವಾಸ್ಕೋದ ಗಾಳಿಯಲ್ಲಿ ಬಿಟ್ಟಷ್ಟೂ ಗಟ್ಟಿಯಾಗುತ್ತದೆ, ಈ ವಾರವೇ ಕೈ ಹಾಕಿ.

ಪೋಸ್ಟನ್ನು ಫ್ರೇಮಿಗೆ ಬಿಗಿಯುವ ಕ್ಲ್ಯಾಂಪ್ ಬೋಲ್ಟ್ ಪೂರ್ತಿ ಬಿಚ್ಚಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮಾರನೇ ದಿನ ಹೊರಗಿರುವ ಪೋಸ್ಟಿಗೆ ಐಸ್ ಸುತ್ತಿ, ಹದಿನೈದು ನಿಮಿಷ ಬಿಟ್ಟು, ಸೀಟ್ ಹಿಡಿದು ಎಡಕ್ಕೂ ಬಲಕ್ಕೂ ತಿರುವಿ. ಬಿಸಿ, ತಂಪಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಾಗಿ ತಂಪು ಮಾಡಿದರೆ ಪೋಸ್ಟ್ ಸಡಿಲವಾಗುತ್ತದೆ. ಬೆಂಕಿ ತೋರಿಸಿದರೆ ಇನ್ನೂ ಬಿಗಿಯಾಗಬಹುದು. ದಯವಿಟ್ಟು ಸುತ್ತಿಗೆಯಿಂದ ಹೊಡೆಯಬೇಡಿ.

ಹೊರಬಂದ ಮೇಲೆ ಪುಡಿ ಒರೆಸಿ ಗ್ರೀಸ್ ಬಳಿದು ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆಗೆದು ನೋಡಿ. ಅಲಾಯ್ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ಉಕ್ಕಿನ ಪೆಡಲ್ ಸೇರುವಲ್ಲೂ ಇದೇ ಕಾಟ, ಅಲ್ಲಿನ ಮರೆಗೂ (ತಿರುಪಿನ ಗೆರೆಗಳಿಗೂ) ಗ್ರೀಸ್ ಬೇಕು. ಎಡಗಡೆ ಪೆಡಲಿನ ಮರೆ ಉಲ್ಟಾ ಇರುತ್ತದೆ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ.