ಚಹಾ ಕುಡಿಯುವವರಿಗೆ ಕ್ರೋಶಾದಲ್ಲಿ ಏನು ಹೆಣೆದು ಕೊಡಬಹುದು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಕ್ರೋಶಾ, ಅಂದರೆ ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆ, ಕಲಿತು ಆರು ತಿಂಗಳಾಯ್ತು, ಚಹಾ ಹುಚ್ಚಿನ ಗೆಳತಿಯರಿಗೆ ಕೈಯಾರೆ ಏನಾದರೂ ಮಾಡಿ ಕೊಡಬೇಕು, ಚೆನ್ನಾಗಿ ಬಂದರೆ ಮಾರಲೂಬೇಕು, ಟೀಪಾಟಿಗೆ ಹಾಕುವ ಟೋಪಿಯಿಂದ ಶುರು ಮಾಡಲೇ ಅಂತ ಕೇಳಿದ್ದೀರಿ. ಹನ್ನೆರಡು ವರ್ಷದ ಹಿಂದೆ ನಾನೂ ಅದರಿಂದಲೇ ಶುರು ಮಾಡಿದ್ದೆ.

ನಾನಿರುವುದು ದಾವಣಗೆರೆಯಲ್ಲಿ. ಆಗ ಮೊಬೈಲಿನಲ್ಲಿ ನೋಡಿದ ಚಿತ್ರ ಒಂದೇ: ಗುಂಡನೆಯ ಟೀಪಾಟು, ಅದಕ್ಕೆ ಉಲ್ಲನ್ ಹೊದಿಕೆ, ಮೇಲೊಂದು ಕುಚ್ಚು. ನಾಲ್ಕು ಸಂಜೆ ಕೂತು ಗುಲಾಬಿ ಬಣ್ಣದಲ್ಲಿ ಹೆಣೆದೆ. ಹಿಡಿಕೆಗೆ ಒಂದು ಕಿಂಡಿ, ಮೂತಿಗೆ ಒಂದು ಕಿಂಡಿ. ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾವ ಕೂಸಿಂದವ್ವ ಈ ಕುಲಾವಿ?" ಅಂದರು. ಮನೆಯಲ್ಲಿ ಟೀಪಾಟೇ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆಮೇಲೆ. ಕೊಡಬೇಕೆಂದಿದ್ದ ಗೆಳತಿಯ ಮನೆಯಲ್ಲೂ ಇರಲಿಲ್ಲ. ನಮ್ಮ ಬೀದಿಯಲ್ಲೇ ಇರಲಿಲ್ಲ!

ಟೋಪಿಯನ್ನು ಹೀಯಾಳಿಸುತ್ತಿಲ್ಲ. ಇಂಗ್ಲೆಂಡಿನಲ್ಲಿ 19ನೇ ಶತಮಾನದಿಂದ ಅದಕ್ಕೆ ಕೆಲಸ ಇತ್ತು. ಚಳಿ ದೇಶ, ಪಿಂಗಾಣಿ ಪಾಟಿನಲ್ಲಿ ಸೊಪ್ಪಿಗೆ ಬಿಸಿನೀರು ಹಾಕಿಟ್ಟು ಒಂದು ತಾಸು ಹರಟುತ್ತಾ ಬಗ್ಗಿಸಿಕೊಳ್ಳುವ ಅಭ್ಯಾಸ, ಹಾಲು ಬೇರೆ. ಉಲ್ಲನ್ನಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ನಮ್ಮಲ್ಲಿ ಹಾಗಾ? ಪಾತ್ರೆಯಲ್ಲಿ ಹಾಲು, ಸಕ್ಕರೆ, ಪುಡಿ ಎಲ್ಲ ಸೇರಿಸಿ ಕುದಿಸಿ, ಸೋಸಿ, ಸೀದಾ ಲೋಟಕ್ಕೆ. ಐದು ನಿಮಿಷದಲ್ಲಿ ಲೋಟ ಖಾಲಿ. ಹಾಲು ಹಾಕಿದ ಚಹಾವನ್ನು ಟೋಪಿ ಕೆಳಗೆ ಅರ್ಧ ಗಂಟೆ ಇಟ್ಟರೆ ಕೆನೆ ಕಟ್ಟುತ್ತೆ ಅಷ್ಟೇ. ಪುಡಿ ಒಳಗೇ ಇದ್ದರಂತೂ ಕಹಿ.

ಅದಕ್ಕೇ ನನ್ನ ಸಲಹೆ: ಕಡ್ಡಿ ಹಿಡಿಯುವ ಮೊದಲು ಆ ಗೆಳತಿಯ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿ. ಅವರು ಲೋಟವನ್ನು ಎಲ್ಲಿ ಹಿಡಿಯುತ್ತಾರೆ, ಎಲ್ಲಿ ಇಡುತ್ತಾರೆ, ಒಲೆಯಿಂದ ಪಾತ್ರೆಯನ್ನು ಯಾವುದರಲ್ಲಿ ಇಳಿಸುತ್ತಾರೆ ನೋಡಿ. ನಾನು ಹಾಗೆ ನೋಡಿದಾಗ ಕಂಡದ್ದು: ಸ್ಟೀಲ್ ಲೋಟದ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಉಫ್ ಉಫ್ ಅನ್ನುವುದು, ಸೀರೆ ಸೆರಗನ್ನು ಸುತ್ತಿಕೊಂಡು ಹಿಡಿಯುವುದು, ಹಳೇ ಬನಿಯನ್ ಚೂರಲ್ಲಿ ಪಾತ್ರೆ ಇಳಿಸುವುದು, ಟೀಪಾಯಿ ಮೇಲೆ ಉಂಗುರ ಉಂಗುರವಾಗಿ ಕಲೆ. ನೀವು ಹೆಣೆಯಬೇಕಾದ ಸಾಮಾನೆಲ್ಲ ಇದರಲ್ಲೇ ಬಂತಲ್ಲ.

ಮೊದಲು ದಾರದ ಮಾತು. ಇದರಲ್ಲಿ ತಪ್ಪಿದರೆ ಮಿಕ್ಕಿದ್ದೆಲ್ಲ ದಂಡ. ಅಂಗಡಿಯಲ್ಲಿ 'ಉಲ್ಲನ್' ಅಂತ ಕೊಡುವುದರಲ್ಲಿ ಜಾಸ್ತಿ ಪಾಲು ಅಕ್ರಿಲಿಕ್, ಅಂದರೆ ಒಂದು ಥರ ಪ್ಲಾಸ್ಟಿಕ್. ಬಿಸಿ ಚಹಾದ ಲೋಟಕ್ಕೆ ಅದು ಕರಗುವುದಿಲ್ಲ ನಿಜ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ತಳದ ಕಥೆ ಬೇರೆ. ನಾನು ಒಂದು ಸಲ ಅಕ್ರಿಲಿಕ್‌ನಲ್ಲಿ ಚಂದದ ಸೂರ್ಯಕಾಂತಿ ಹೆಣೆದು, ಅದರ ಮೇಲೆ ಚಹಾ ಪಾತ್ರೆ ಇಟ್ಟೆ. ಎತ್ತಿದಾಗ ಸೂರ್ಯಕಾಂತಿಯೂ ಜೊತೆಗೇ ಬಂತು. ಆ ಪಾತ್ರೆಯ ತಳ ಉಜ್ಜಿದ್ದನ್ನು ನೆನೆಸಿಕೊಂಡರೆ ಈಗಲೂ ಕೈ ನೋಯುತ್ತೆ. ಅದೂ ಅಲ್ಲದೆ ಅಕ್ರಿಲಿಕ್ ನೀರು ಕುಡಿಯುವುದಿಲ್ಲ. ಲೋಟದ ಕೆಳಗಿಟ್ಟರೆ ಚೆಲ್ಲಿದ ಚಹಾ ಆಚೆ ಹರಿದು ಟೇಬಲ್ಲಿಗೇ ಬರುತ್ತೆ.

ಹಾಗಾಗಿ ಹತ್ತಿ ದಾರ. ಹತ್ತಿ ಕರಗುವುದಿಲ್ಲ, ನೀರು ಹೀರುತ್ತೆ, ಬಿಸಿನೀರಲ್ಲಿ ಒಗೆಯಬಹುದು. ಆದರೆ ಬೆಂಕಿಗೆ ಹತ್ತಿಯೂ ಹೊತ್ತಿಕೊಳ್ಳುತ್ತೆ ಅನ್ನುವುದು ನೆನಪಿರಲಿ. ಒಂದು ಕಾಲಕ್ಕೆ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸದಲ್ಲಿದ್ದರು, ಸೈರನ್ ಕೂಗಿದ್ದನ್ನು ಕೇಳಿಯೇ ಅವ್ವ ಚಹಾಕ್ಕೆ ಇಡುತ್ತಿದ್ದಳು. ಅಪ್ಪನ ಕಾಲದ ಒಂದೆರಡು ಕೋನು ನೂಲು ಅಟ್ಟದ ಮೇಲೆ ಇನ್ನೂ ಇತ್ತು. ನನ್ನ ಮೊದಲ ಹತ್ತಿ ಸಾಮಾನೆಲ್ಲ ಅದರದ್ದೇ. ನೇಯ್ಗೆ ನೂಲು ತೀರಾ ಸಣ್ಣ, ಆರೇಳು ಎಳೆ ಕೂಡಿಸಿ ಹೆಣೆಯಬೇಕು. ಎಳೆ ಬಿಟ್ಟುಹೋಗಿ ತಲೆ ಕೆಡುತ್ತೆ. ಹೊಸಬರಿಗೆ 8 ಪ್ಲೈ ದಪ್ಪದ ಹತ್ತಿ ದಾರ, 3.5 ಮಿ.ಮೀ. ಕ್ರೋಶಾ ಕಡ್ಡಿ ಸಾಕು. ಮಿರಮಿರ ಮಿಂಚುವ ಮರ್ಸರೈಸ್ಡ್ ದಾರ ನೋಡಲು ಚಂದ, ಆದರೆ ಲೋಟದ ಕೆಳಗೆ ಇಡುವುದಕ್ಕೆ ಮಿಂಚಿಲ್ಲದ ಸಾದಾ ಹತ್ತಿಯೇ ಮೇಲು. ನೀರು ಚೆನ್ನಾಗಿ ಹೀರುತ್ತೆ.

ಲೋಟದ ಕೆಳಗಿಡುವ ಕೋಸ್ಟರಿನಿಂದ ಶುರು ಮಾಡಿ. ಮೊದಲ ಸುತ್ತಿಗೆ 6 ಸಿಂಗಲ್ ಕ್ರೋಶಾ, ಅಂದರೆ ಗಿಡ್ಡನೆಯ ಸಾದಾ ಹೊಲಿಗೆ. ಎರಡನೇ ಸುತ್ತಿನಲ್ಲಿ ಪ್ರತಿ ಹೊಲಿಗೆಯಲ್ಲೂ ಎರಡೆರಡು, 12 ಆಯ್ತು. ಆಮೇಲೆ ಪ್ರತಿ ಸುತ್ತಿಗೂ ಆರಾರು ಜಾಸ್ತಿ: 18, 24, 30. ಎಂಟನೇ ಸುತ್ತಿಗೆ 48 ಆಗುತ್ತೆ, ಅಗಲ ಸುಮಾರು 10 ಸೆಂ.ಮೀ. ಬರುತ್ತೆ. ಬಟ್ಟಲಿನ ಹಾಗೆ ಮೇಲೆದ್ದರೆ ಹೊಲಿಗೆ ಕಮ್ಮಿಯಾಗಿದೆ ಅಥವಾ ಕೈ ಬಿಗಿಯಾಗಿದೆ. ಹಪ್ಪಳದ ಹಾಗೆ ಸೊಟ್ಟಗಾದರೆ ಜಾಸ್ತಿಯಾಗಿದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹೆಚ್ಚಿಸಿದರೆ ಗುಂಡಗೆ ಬರದೆ ಆರು ಮೂಲೆ ಬರುತ್ತೆ, ಜಾಗ ಬದಲಿಸುತ್ತಾ ಹೋಗಿ.

ಇಂಗ್ಲಿಷ್ ಪ್ಯಾಟರ್ನ್ ನೋಡಿ ಮಾಡುವವರಾದರೆ ಒಂದು ಮಾತು. ಅಮೆರಿಕದವರ ಸಿಂಗಲ್ ಕ್ರೋಶಾಕ್ಕೆ ಬ್ರಿಟಿಷರು ಡಬಲ್ ಕ್ರೋಶಾ ಅನ್ನುತ್ತಾರೆ, ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಇದು ಗೊತ್ತಿಲ್ಲದೆ ನಾನು ಮಾಡಿದ ಕೋಸ್ಟರುಗಳು ಊಟದ ತಟ್ಟೆಯಷ್ಟಾದವು. ಪ್ಯಾಟರ್ನಿನಲ್ಲಿ 'ಸಿಂಗಲ್ ಕ್ರೋಶಾ' ಅನ್ನುವ ಪದ ಕಂಡರೆ ಅಮೆರಿಕದ್ದು ಅಂತ ತಿಳ್ಕೊಳ್ಳಿ, ಬ್ರಿಟಿಷ್ ಲೆಕ್ಕದಲ್ಲಿ ಆ ಹೆಸರಿನ ಹೊಲಿಗೆಯೇ ಇಲ್ಲ.

ಕೋಸ್ಟರ್ ಕೈಗೆ ಬಂದ ಮೇಲೆ ನನಗೊಂದು ಹುಕಿ ಬಂತು, ನಮ್ಮೂರ ಬೆಣ್ಣೆ ದೋಸೆಯ ಥರ ಮಾಡೋಣ ಅಂತ. ನಡುವೆ ಕಂದು, ಅಂಚಿಗೆ ಸ್ವಲ್ಪ ತಿಳಿ ಬಣ್ಣ, ಮಧ್ಯದಲ್ಲಿ ಬಿಳಿ ದಾರದ ಬೆಣ್ಣೆ ಮುದ್ದೆ, ಒಳಗೆ ಹತ್ತಿ ತುಂಬಿದ್ದೆ. ನೋಡಿದವರೆಲ್ಲ ಆಹಾ ಅಂದರು. ಭಾನುವಾರ ಮೈದುನ ಬಂದ, ಹೊಸ ಬಿಳಿ ಪಂಚೆ ಉಟ್ಟಿದ್ದ. ಲೋಟವನ್ನು ಆ ಬೆಣ್ಣೆ ಮೇಲೇ ಇಟ್ಟ. ಮುಂದಿನದು ಬಿಡಿಸಿ ಹೇಳಬೇಕಾ? ಈಗ ಬೆಣ್ಣೆಯನ್ನು ಅಂಚಿಗೆ ಸರಿಸಿ, ಚಪ್ಪಟೆಯಾಗಿ ಹೊಲಿಯುತ್ತೇನೆ. ನನ್ನಿಂದ ಅತಿ ಹೆಚ್ಚು ಜನ ಕೊಂಡಿರುವುದು ಇದನ್ನೇ. ಬೆಂಗಳೂರಿನಲ್ಲಿರುವ ನಮ್ಮೂರಿನವರು ನಾಲ್ಕು ನಾಲ್ಕು ತರಿಸಿಕೊಳ್ಳುತ್ತಾರೆ. ಊರು ಬಿಟ್ಟವರಿಗೆ ದೋಸೆ ಮೇಲೆ ಪ್ರೀತಿ ಜಾಸ್ತಿ.

ಇನ್ನು ಲೋಟದ ಅಂಗಿ, ಅಂದರೆ ಕೈ ಸುಡದ ಹಾಗೆ ಲೋಟದ ಸುತ್ತ ಹಾಕುವ ಹೊದಿಕೆ. ಇದು ನಿಜವಾಗಿ ಉಪಯೋಗಕ್ಕೆ ಬರುವ ಸಾಮಾನು, ಅಷ್ಟೇ ತಕರಾರಿನದ್ದು ಕೂಡ. ನಮ್ಮ ಲೋಟ ಕೆಳಗೆ ಸಣ್ಣ, ಮೇಲೆ ಅಗಲ. ನೇರವಾಗಿ ಕೊಳವೆ ಥರ ಹೆಣೆದರೆ ಜಾರಿ ಕೆಳಗೆ ಬೀಳುತ್ತೆ. ಒಂದು ದಾರ ತಗೊಂಡು ಲೋಟದ ಬುಡವನ್ನೂ, ಬಾಯಿಗಿಂತ ಎರಡು ಬೆರಳು ಕೆಳಗಿನ ಜಾಗವನ್ನೂ ಸುತ್ತಿ ಅಳೆಯಿರಿ. ನಮ್ಮ ಮನೆಯದು ಬುಡದಲ್ಲಿ 16, ಮೇಲೆ 20 ಸೆಂ.ಮೀ. ಬುಡದಿಂದ ಶುರು ಮಾಡಿ, ಅಳತೆಗಿಂತ ಒಂದು ಸೆಂ.ಮೀ. ಕಮ್ಮಿ ಇಟ್ಟು, ಮೇಲೆ ಹೋಗುತ್ತಾ ಹೆಚ್ಚಿಸಬೇಕು. ಬಾಯಿಯ ಹತ್ತಿರ ಖಾಲಿ ಬಿಡಿ, ಇಲ್ಲದಿದ್ದರೆ ತುಟಿಗೆ ದಾರ ತಾಗುತ್ತೆ.

ಇಲ್ಲಿ ಕ್ರೋಶಾಕ್ಕಿಂತ ಎರಡು ಕಡ್ಡಿಯ ಹೆಣಿಗೆ ವಾಸಿ. ಸ್ವೆಟರಿನ ತೋಳಿನ ತುದಿಗೆ ಹಾಕುತ್ತೇವಲ್ಲ, ಎರಡು ಉಲ್ಟಾ ಎರಡು ಸೀದಾ, ಆ ಪಟ್ಟಿ ಲೋಟವನ್ನು ಕಚ್ಚಿ ಹಿಡಿಯುತ್ತೆ. ಕ್ರೋಶಾ ದಪ್ಪಗೆ, ಗಟ್ಟಿಯಾಗಿ ಬರುತ್ತೆ, ಹಿಗ್ಗುವುದಿಲ್ಲ. ಆದರೆ ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ವಾಪಸ್ಸು ಬರುವ ಗುಣ ಇಲ್ಲ. ನಾಲ್ಕು ಸಲ ಒಗೆದರೆ ಹೆಣಿಗೆಯೂ ಸಡಿಲ. ಎಷ್ಟೋ ಬಿಚ್ಚಿ ಹೆಣೆದ ಮೇಲೆ ನಾನು ಕೊಳವೆಯನ್ನೇ ಬಿಟ್ಟೆ. ಈಗ ಚಪ್ಪಟೆ ಪಟ್ಟಿ ಹೆಣೆದು, ಒಂದು ತುದಿಗೆ ಗುಂಡಿ, ಇನ್ನೊಂದು ತುದಿಗೆ ಎರಡು ಕುಣಿಕೆ. ಸಡಿಲಾದರೆ ಒಳಗಿನ ಕುಣಿಕೆಗೆ ಹಾಕಿಕೊಂಡರಾಯ್ತು. ಸಣ್ಣ ಗಾಜಿನ ಲೋಟಕ್ಕೂ ಆಗುತ್ತೆ, ಒಗೆದು ಒಣಗಿಸುವುದೂ ಸಲೀಸು. ಒಂದೇ ಎಚ್ಚರ: ಒದ್ದೆ ಅಂಗಿ ಹಾಕಿ ಬಿಸಿ ಲೋಟ ಹಿಡಿಯಬೇಡಿ. ಎಳೆಗಳ ನಡುವೆ ಗಾಳಿ ಇರಬೇಕಾದ ಕಡೆ ನೀರು ಇದ್ದರೆ ಬಿಸಿ ಸೀದಾ ಕೈಗೇ. ಪಾತ್ರೆ ಇಳಿಸುವ ಬಟ್ಟೆಗೂ ಇದೇ ಮಾತು. ಅದನ್ನು ಎರಡು ಪದರ ಮಾಡಿ, ಒಲೆಯಿಂದ ದೂರ ಮೊಳೆಗೆ ನೇತುಹಾಕಲು ಒಂದು ಕುಣಿಕೆ ಇಡಿ.

ಇದೇ ಅಂಗಿಗಳನ್ನು ಒಂದು ಹೋಟೆಲಿನವರು ಆಸೆ ಪಟ್ಟು 40 ಮಾಡಿಸಿಕೊಂಡರು. ಹದಿನೈದು ದಿನಕ್ಕೆ ಚೀಲದಲ್ಲಿ ತುಂಬಿ ವಾಪಸ್ಸು ಕಳಿಸಿದರು, ಅರ್ಧ ದುಡ್ಡು ಇವತ್ತಿಗೂ ಬಂದಿಲ್ಲ. ಸಿಟ್ಟು ಬಂದದ್ದು ನಿಜ. ಆದರೆ ತಪ್ಪು ನನ್ನದೂ ಇತ್ತು. ಬೈ ಟು ಕುಡಿದು ಎರಡು ನಿಮಿಷಕ್ಕೆ ಏಳುವ ಜಾಗ ಅದು, ಲೋಟ ದಿನವಿಡೀ ತೊಟ್ಟಿಯಲ್ಲಿ ಮುಳುಗಿ ಏಳುತ್ತಿರುತ್ತೆ. ಅಂಗಿ ಒಣಗುವುದು ಯಾವಾಗ? ಮನೆಗೆ, ಆಫೀಸಿನ ಟೇಬಲ್ಲಿಗೆ ಮಾಡಿ. ಹೋಟೆಲ್ ಆರ್ಡರಿಗೆ ಮುಂಗಡ ಪೂರ್ತಿ ತಗೊಳ್ಳಿ, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಫ್ಲಾಸ್ಕಿಗೆ ಚೀಲ ಹೆಣೆದರೆ ಚಹಾ ಜಾಸ್ತಿ ಹೊತ್ತು ಬಿಸಿ ಇರುತ್ತಾ ಅಂತ ಕೇಳುವವರಿದ್ದಾರೆ. ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗಲ್ಲ. ಎರಡು ಗೋಡೆ ನಡುವಿನ ಗಾಳಿ ತೆಗೆದುಬಿಟ್ಟಿರುತ್ತಾರೆ, ಬಿಸಿ ಉಳಿಸುವ ಕೆಲಸ ಅಲ್ಲೇ ಮುಗಿದಿರುತ್ತೆ. ಚೀಲ ಬೇಕಾಗುವುದು ಹೆಗಲಿಗೆ ಹಾಕಿಕೊಳ್ಳಲು, ಫ್ಲಾಸ್ಕ್ ನೆಗ್ಗದಿರಲು. ಪಟ್ಟಿ ಮಾತ್ರ ಗಟ್ಟಿ ಇರಲಿ, ತುಂಬಿದ ಫ್ಲಾಸ್ಕಿನ ತೂಕಕ್ಕೆ ಕ್ರೋಶಾ ಪಟ್ಟಿ ಮೊಣಕಾಲಿನವರೆಗೆ ಜೋಲುತ್ತೆ. ನಾನು ಒಳಗೆ ಬಟ್ಟೆಯ ಲಾಡಿ ಕೊಟ್ಟು ಹೊಲಿಯುತ್ತೇನೆ.

ಇಷ್ಟಾದರೂ ನಿಮಗೆ ಟೋಪಿಯೇ ಬೇಕು, ಗೆಳತಿಯ ಮನೆಯಲ್ಲಿ ಟೀಪಾಟೂ ಇದೆ ಅಂದರೆ, ಉಣ್ಣೆಯೇ ಸರಿ. ನನ್ನ ತಾಯಿಯ ತವರು ಚಳ್ಳಕೆರೆ ಕಡೆ, ಕಂಬಳಿಯ ಸೀಮೆ. ಹಳೇ ಕರಿ ಕಂಬಳಿಯೊಂದು ಅಂಚು ಸವೆದು ಮೂಲೆಯಲ್ಲಿ ಬಿದ್ದಿತ್ತು. ಅದರಿಂದ ಎರಡು ಅರ್ಧಚಂದ್ರ ಕತ್ತರಿಸಿ, ಸುತ್ತ ಕೆಂಪು ದಾರದಲ್ಲಿ ಕ್ರೋಶಾ ಅಂಚು ಕಟ್ಟಿ ಜೋಡಿಸಿದೆ. "ಕಂಬಳಿಗೆ ಕತ್ತರಿ ಹಾಕ್ತಿಯೇನೇ!" ಅಂತ ಅವ್ವ ಎರಡು ದಿನ ಮಾತು ಬಿಟ್ಟಳು. ಅದರ ಮೇಲೆ ದೇವರ ಗದ್ದಿಗೆ ಹಾಕುತ್ತಿದ್ದರಂತೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಕೇಳಿಯೇ ಕತ್ತರಿ ತಗೊಳ್ಳಿ. ಹೊಸ ಕಂಬಳಿಯಾದರೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಸೆಟೆದುಕೊಂಡಿರುತ್ತೆ, ನೆನೆಸಿ ತೊಳೆದು ಆಮೇಲೆ ಕತ್ತರಿಸಿ. ಆ ಟೋಪಿ ನೋಡಲು ಗುಲಾಬಿ ಕುಲಾವಿಯಷ್ಟು ಮುದ್ದಾಗಿಲ್ಲ, ಬಿಸಿ ಹಿಡಿದಿಡುವುದರಲ್ಲಿ ಮಾತ್ರ ಅದನ್ನು ಮೀರಿಸುತ್ತೆ.

ಕಲೆಯ ವಿಚಾರ. ಬಿಳಿ ಕೋಸ್ಟರ್ ಉಡುಗೊರೆ ಕೊಟ್ಟರೆ ಅವರು ಅದನ್ನು ಷೋಕೇಸಿನಲ್ಲಿಡುತ್ತಾರೆ, ಇಲ್ಲವೇ ಮೊದಲ ದಿನವೇ ಹಾಳುಮಾಡಿಕೊಳ್ಳುತ್ತಾರೆ. ನಾನು ಬಿಳಿ ದಾರವನ್ನು ಮೊದಲೇ ಚಹಾದಲ್ಲಿ ಅದ್ದಿಬಿಡುತ್ತೇನೆ. ಒಂದು ಲೀಟರ್ ನೀರಿಗೆ ಐದಾರು ಚಮಚ ಪುಡಿ, ಹಾಲು ಸಕ್ಕರೆ ಇಲ್ಲದೆ ಕುದಿಸಿ ಸೋಸಿ. ದಾರದ ಲಡಿಯನ್ನು ನೀರಲ್ಲಿ ನೆನೆಸಿ ಹಿಂಡಿ, ರಾತ್ರಿಯಿಡೀ ಅದರಲ್ಲಿ ಬಿಡಿ. ಬೆಳಿಗ್ಗೆ ತೊಳೆದು ನೆರಳಲ್ಲಿ ಒಣಗಿಸಿ. ರಾಗಿ ಹುರಿದ ಹಾಗೆ ಒಂದು ಕಂದು ಬರುತ್ತೆ. ಅದರ ಮೇಲೆ ಚಹಾ ಚೆಲ್ಲಿದರೆ ಗೊತ್ತೇ ಆಗಲ್ಲ. ಇದೇ ನೀರನ್ನು ಕಬ್ಬಿಣದ ಬಾಣಲೆಯಲ್ಲಿ ಇಟ್ಟರೆ ಚಹಾದ ಒಗರು ಕಬ್ಬಿಣದ ಜೊತೆ ಸೇರಿ ಬೂದು ಬಣ್ಣ ಕೊಡುತ್ತೆ. ಅದು ನನಗೆ ಗೊತ್ತಾದದ್ದು ಬೇಕಂತ ಮಾಡಿ ಅಲ್ಲ, ಸ್ಟೀಲ್ ಪಾತ್ರೆ ಖಾಲಿ ಇರಲಿಲ್ಲ ಅಂತ.

ದುಡ್ಡಿನ ಬಗ್ಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ. ಒಂದು ಕೋಸ್ಟರಿಗೆ ನನಗೆ ಸುಮಾರು 12 ಗ್ರಾಂ ದಾರ, ಮುಕ್ಕಾಲು ಗಂಟೆ ಬೇಕು. ನಾಲ್ಕರ ಸೆಟ್ಟಿಗೆ ಮೂರು ತಾಸು. ನಾನು 400 ರೂಪಾಯಿ ಹೇಳುತ್ತೇನೆ. "ಪ್ಲಾಸ್ಟಿಕ್‌ದು 60ಕ್ಕೆ ಸಿಗುತ್ತಲ್ರೀ" ಅನ್ನುವವರಿಗೆ ಅದನ್ನೇ ತಗೊಳ್ಳಿ ಅನ್ನುತ್ತೇನೆ, ಸಿಟ್ಟಿನಿಂದ ಅಲ್ಲ. ದಾರದ ಬೆಲೆಗೆ ಕೊಟ್ಟು ಕೊಟ್ಟು ಮೊದಲ ಎರಡು ವರ್ಷ ನನ್ನ ಕೈಗೆ ನಾನೇ ಮೋಸ ಮಾಡಿಕೊಂಡಿದ್ದೆ.

ಗೆಳತಿಯರು ಬಳಸುವ ಲೋಟ ಸ್ಟೀಲಿಂದಾ ಗಾಜಿಂದಾ, ಬುಡ ಎಷ್ಟು, ಮೇಲೆ ಎಷ್ಟು ಅಂತ ಅಳೆದು ಇಲ್ಲೇ ಕೆಳಗೆ ಬರೆಯಿರಿ. ಎಷ್ಟು ಹೊಲಿಗೆಯಿಂದ ಶುರು ಮಾಡಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.