ಪ್ರಾರ್ಥನೆಗೆ ಕೂತು ನಿದ್ದೆ ಹೋದವಳ ಕವಿತೆ

ಲಿಂಗರಾಜಪುರದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಕ್ರೈಸ್ತ ಭಕ್ತಿಕವಿತೆ ಅಂತ ಹಾಕಿದ್ದೀರಿ. ಅದರಲ್ಲಿ ಭಕ್ತಿ ಎಲ್ಲಿದೆ? ಪೀಣ್ಯದ ಗಾರ್ಮೆಂಟ್ಸ್, ಟಾರ್ಗೆಟ್, ಬಸ್ಸಿನ ನೂಕುನುಗ್ಗಲು, ಮನೆ ಬಾಡಿಗೆ. ಕೊನೆಗೆ ಪ್ರಾರ್ಥನೆಗೆ ಕೂತವಳು ನಿದ್ದೆ ಹೋಗುತ್ತಾಳೆ. ಸ್ತುತಿಯ ಒಂದು ಸಾಲೂ ಇಲ್ಲ, ಬರೀ ದೂರು. ಛಂದಸ್ಸಂತೂ ಇಲ್ಲವೇ ಇಲ್ಲ.’

ಮೇಷ್ಟ್ರೇ, ನಮಸ್ಕಾರ.

ನೀವು ಇಷ್ಟು ಗಮನ ಕೊಟ್ಟು ಓದಿದ್ದಕ್ಕೆ ಸಂತೋಷ. ಆದರೆ ದೂರು ಇದ್ದ ಕಡೆ ಭಕ್ತಿ ಇರುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ನೀವು ದಿನಾ ಓದುವ ಬೈಬಲ್ಲೇ ಅದನ್ನು ಒಪ್ಪುವುದಿಲ್ಲ, ಅಲ್ವಾ? ಅದರ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳು ಒಟ್ಟು 150. ಅದರಲ್ಲಿ ದುಃಖ ತೋಡಿಕೊಳ್ಳುವವು ಎಷ್ಟೊಂದು! 13ನೆಯದು ‘ಇನ್ನೆಲ್ಲಿಯ ತನಕ’ ಎಂದು ಮೇಲಿಂದ ಮೇಲೆ ಕೇಳುತ್ತದೆ. ಅದು ಹಾಡಿನಲ್ಲಿ ಮುಗಿಯುತ್ತದೆ, ಸರಿ. ಆದರೆ 88ನೆಯದನ್ನು ತೆಗೆದು ನೋಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಮಾತೂ ಕೊನೆಗೆ ಬರುವುದಿಲ್ಲ. ಹಾಗಿದ್ದೂ ಅದನ್ನು ಯಾರೂ ಆ ಪುಸ್ತಕದಿಂದ ತೆಗೆದು ಹಾಕಲಿಲ್ಲ. ಯೇಸು ಶಿಲುಬೆಯ ಮೇಲೆ ‘ಯಾಕೆ ನನ್ನ ಕೈಬಿಟ್ಟೆ’ ಎಂದು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತು.

ಇನ್ನು ನಿದ್ದೆಯ ವಿಷಯ. ಆ ಕವಿತೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಜಾಗ ಅದೇ. ನಸುಕಿನಲ್ಲೇ ಎದ್ದು, ತಡವಾಗಿ ಮಲಗಿ, ಕಷ್ಟಪಟ್ಟು ಅನ್ನ ಉಣ್ಣುವವರ ಮಾತು 127ನೆಯ ಕೀರ್ತನೆಯಲ್ಲಿದೆ. ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಎಂದು ಅದು ಹೇಳುತ್ತದೆ. ದಿನವಿಡೀ ಕಾಲರ್ ಹೊಲಿದು, ಎರಡು ಬಸ್ ಬದಲಿಸಿ ಮನೆಗೆ ಬಂದು, ಅಡುಗೆ ಮುಗಿಸಿ ಮೊಣಕಾಲೂರಿದ ಹೆಂಗಸು ಅಲ್ಲೇ ತೂಕಡಿಸಿದರೆ, ಅವಳು ದೇವರನ್ನು ಮರೆತಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಯೇಸುವನ್ನು ಹಿಡಿದ ರಾತ್ರಿ, ಅವನು ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುತ್ತಿದ್ದಾಗ ಶಿಷ್ಯ ಪೇತ್ರನೂ ನಿದ್ದೆ ಹೋದ. ಯೇಸು ಅವನನ್ನು ಎಬ್ಬಿಸಿ ಎಚ್ಚರಿಸಿದ, ನಿಜ. ಮನಸ್ಸಿದ್ದರೂ ದೇಹಕ್ಕೆ ಶಕ್ತಿ ಸಾಲದು ಎಂದವನೂ ಅವನೇ.

ಹಾಗಂತ ದಿನಚರಿ ಬರೆದರೆಲ್ಲ ಆಧ್ಯಾತ್ಮ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹಾಲು ತಂದೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆ, ಕೊನೆಗೊಂದು ‘ಆಮೆನ್’. ಇಂಥವು ಜಾಸ್ತಿ ಬರುತ್ತವೆ, ವಾಪಸ್ ಕಳಿಸುತ್ತೇವೆ. ಈ ಕವಿತೆಯನ್ನು ಉಳಿಸಿಕೊಂಡದ್ದು ಒಂದೇ ಕಾರಣಕ್ಕೆ. ಮೊದಲ ಸಾಲಿಂದ ಕೊನೆಯವರೆಗೆ ಅವಳು ಯಾರಿಗೋ ‘ನೀನು’ ಎನ್ನುತ್ತಿದ್ದಾಳೆ. ಬಾಡಿಗೆಯ ಲೆಕ್ಕ ಒಪ್ಪಿಸುವುದೂ ಅವನಿಗೇ, ಸಿಟ್ಟಾಗುವುದೂ ಅವನ ಮೇಲೇ. ಕೇಳುವವನು ಇದ್ದಾನೆ ಎಂಬ ನಂಬಿಕೆ ಇಲ್ಲದವರು ಹೀಗೆ ಜಗಳ ಆಡುವುದಿಲ್ಲ. ದಯವಿಟ್ಟು ಇನ್ನೊಮ್ಮೆ ಓದಿ.

ಛಂದಸ್ಸಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಜರ್ಮನ್ ಪಾದ್ರಿ ಕಿಟೆಲ್ ಬರೀ ನಿಘಂಟಿನ ಮನುಷ್ಯ ಅಲ್ಲ. ಕನ್ನಡ ಛಂದಸ್ಸಿನ ಹಳೆಯ ಗ್ರಂಥ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅಚ್ಚು ಹಾಕಿಸಿದವರು. ಕ್ರಿಸ್ತನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಹೇಳಲು ಹೊರಟವರು. ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಾಲ, ರೊಟ್ಟಿ, ಹಸಿವು ತುಂಬಿದ ಆ ಪದ್ಯಗಳಿಗೆ ಒಬ್ಬ ಪಾದ್ರಿ ವರ್ಷಗಟ್ಟಲೆ ದುಡಿದರು! ಕ್ರೈಸ್ತ ಕವಿತೆ ಬರೆಯುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು ಅನ್ನುವುದು ನನ್ನ ಆಸೆ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮೂರೇ ಸಾಲಿನಲ್ಲಿ ಬಾಡಿಗೆಯನ್ನೂ ಬೇಡಿಕೆಯನ್ನೂ ಹಿಡಿಯುವುದು ಹೇಗೆ ಅಂತ ಹೊಸಬರಿಗೆ ತಿಳಿಯುವಂತೆ ತ್ರಿಪದಿಯ ಬಗ್ಗೆ ಎರಡು ಪುಟ ಬರೆದುಕೊಡಿ. ಗಣ, ಯತಿ ಎಲ್ಲ ಪಾಠ ಮಾಡಿದವರು ನೀವು. ಈಸ್ಟರ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ನಿಮ್ಮ ಪತ್ರವನ್ನು ಕವಯಿತ್ರಿಗೂ ಕಳಿಸಿದ್ದೇನೆ.

— ಸಂ.