ಮಾಂತ್ರಿಕನ ಬಿಲ್ಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಡಿಯೊ ಆಟಗಳಲ್ಲಿ ಮಂತ್ರ ಪ್ರಯೋಗಿಸುವ ಪಾತ್ರದ ಬಿಲ್ಡ್, ಎಂದರೆ ಅದರ ಪಾಯಿಂಟು, ಮಂತ್ರ, ಆಯುಧಗಳನ್ನು ಜೋಡಿಸುವ ಬಗೆಯ ಕುರಿತೇ ಇವೆ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಎಲ್ಡನ್ ರಿಂಗ್‌ನಲ್ಲಿ ಅಸ್ಟ್ರಾಲಜರ್ ಕ್ಲಾಸ್ ಆರಿಸಿಕೊಂಡು ಲೆವೆಲ್ 30ಕ್ಕೆ ಬಂದಿದ್ದೇನೆ. ಸಿಕ್ಕ ಪಾಯಿಂಟುಗಳನ್ನೆಲ್ಲ ಇಂಟೆಲಿಜೆನ್ಸ್‌ಗೇ ಹಾಕಿದ್ದರಿಂದ ಅದು ಈಗ 40. ದೂರದಿಂದ ಹೊಡೆಯುವಾಗ ಚೆನ್ನಾಗಿದೆ. ಬಾಸ್ (ದೊಡ್ಡ ಶತ್ರು) ಹತ್ತಿರ ಬಂದರೆ ಮಾತ್ರ ಒಂದೆರಡು ಏಟಿಗೇ ಸಾಯುತ್ತೇನೆ. ಮೊದಲಿನಿಂದ ಶುರು ಮಾಡಬೇಕೇ?

ಉತ್ತರ: ಬೇಡ. ನಿಮ್ಮ ಪಾತ್ರ ಕೆಟ್ಟಿಲ್ಲ, ಒಂದು ಕಡೆ ವಾಲಿದೆ ಅಷ್ಟೇ. ಅಸ್ಟ್ರಾಲಜರ್ ಶುರುವಾಗುವುದು ಲೆವೆಲ್ 6ರಲ್ಲಿ, ಆಗ ಜೀವ ಹೆಚ್ಚಿಸುವ ವಿಗರ್ 9, ಮಂತ್ರಕ್ಕೆ ಖರ್ಚಾಗುವ ಶಕ್ತಿ (ಎಫ್‌ಪಿ) ಹೆಚ್ಚಿಸುವ ಮೈಂಡ್ 15, ಮಂತ್ರದ ಬಲ ಹೆಚ್ಚಿಸುವ ಇಂಟೆಲಿಜೆನ್ಸ್ 16. ಮುಂದಿನ 24 ಲೆವೆಲ್‌ಗಳನ್ನೂ ಒಂದಕ್ಕೇ ಸುರಿದಿರುವುದರಿಂದ ವಿಗರ್ ಇನ್ನೂ 9ರಲ್ಲೇ ನಿಂತಿದೆ, ಎಂದರೆ ಜೀವ 400ನ್ನೂ ಮುಟ್ಟಿಲ್ಲ. ವಿಗರ್ 25 ಆದರೆ ಜೀವ 800, 40 ಆದರೆ 1450, 60ಕ್ಕೆ 1900. 25ರಿಂದ 40ರ ನಡುವೆ ಪ್ರತಿ ಪಾಯಿಂಟಿಗೆ ಸರಾಸರಿ 43 ಜೀವ ಸಿಗುತ್ತದೆ. ಈ ಆಟದಲ್ಲಿ ಅಷ್ಟು ಲಾಭದ ವ್ಯಾಪಾರ ಬೇರೆ ಯಾವ ಸ್ಟ್ಯಾಟ್‌ನಲ್ಲೂ ಇಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. 60 ದಾಟಿದ ಮೇಲೆ ಪಾಯಿಂಟಿಗೆ ಐದರ ಆಸುಪಾಸು ಸಿಕ್ಕರೆ ಹೆಚ್ಚು, ಅಲ್ಲಿಗೆ ನಿಲ್ಲಿಸಬಹುದು.

ಈಗ ಮಾಡಬೇಕಾದ್ದು ಇಷ್ಟು. ಮುಂದಿನ 16 ಲೆವೆಲ್ ಪೂರ್ತಿ ವಿಗರ್‌ಗೆ ಹಾಕಿ ಅದನ್ನು 25ಕ್ಕೆ ತನ್ನಿ. ಅಲ್ಲಿಯವರೆಗೆ ಇಂಟೆಲಿಜೆನ್ಸ್ ಮುಟ್ಟಲೇಬೇಡಿ. ಡ್ಯಾಮೇಜ್ (ಏಟಿನ ಬಲ) ಏನಾಗುತ್ತದೋ ಎಂಬ ಭಯ ಬೇಡ. ಅದು ಸ್ಟ್ಯಾಟ್‌ನಿಂದ ಎಷ್ಟು ಬರುತ್ತದೋ, ಕೈಯಲ್ಲಿರುವ ಮಂತ್ರದಂಡ ಮತ್ತು ಹೊಡೆಯುವ ಮಂತ್ರದಿಂದಲೂ ಅಷ್ಟೇ ಬರುತ್ತದೆ. ಕೇಲಿಡ್ ಪ್ರದೇಶದ ಸ್ವಾಂಪ್ ಆಫ್ ಎಯೋನಿಯಾ ಎಂಬ ಜೌಗಿನಲ್ಲಿ ಸ್ಟ್ರೀಟ್ ಆಫ್ ಸೇಜಸ್ ರೂಯಿನ್ಸ್ ಎಂಬ ಪಾಳುಕಟ್ಟಡಗಳಿವೆ. ಮೀಟಿಯೊರೈಟ್ ಸ್ಟಾಫ್ ಮತ್ತು ರಾಕ್ ಸ್ಲಿಂಗ್ ಮಂತ್ರ ಎರಡೂ ಅಲ್ಲೇ ಸಿಗುತ್ತವೆ. ಮಂತ್ರ ಇರುವುದು ನೆಲಮಾಳಿಗೆಯಲ್ಲಿ. ಎರಡಕ್ಕೂ ಬೇಕಾದ ಇಂಟೆಲಿಜೆನ್ಸ್ ಬರೀ 18. ದಾರಿಯಲ್ಲಿ ಯಾವ ಶತ್ರುವನ್ನೂ ಕೊಲ್ಲಬೇಕಿಲ್ಲ. ಟೊರೆಂಟ್ ಕುದುರೆ ಏರಿ ನೇರ ಓಡಿ, ಜೌಗಿನಲ್ಲಿ ಇಳಿದು ನಿಲ್ಲಬೇಡಿ. ನಿಂತರೆ ಸ್ಕಾರ್ಲೆಟ್ ರಾಟ್ ಹತ್ತಿಕೊಂಡು ಜೀವ ಒಂದೇ ಸಮನೆ ಸೋರಿಹೋಗುತ್ತದೆ.

ಈ ದಂಡಕ್ಕೆ ಇಂಟೆಲಿಜೆನ್ಸ್‌ನಲ್ಲಿ ಎಸ್ ದರ್ಜೆಯ ಸ್ಕೇಲಿಂಗ್ ಇದೆ (ಸ್ಟ್ಯಾಟ್ ಏರಿದಂತೆ ದಂಡದ ಬಲ ಏರುವುದರಲ್ಲಿ ಇದೇ ಮೇಲಿನ ದರ್ಜೆ), ಜೊತೆಗೆ ಗುರುತ್ವದ ಮಂತ್ರಗಳಿಗೆ ಶೇ. 30 ಹೆಚ್ಚು ಬಲ ಕೊಡುತ್ತದೆ. ರಾಕ್ ಸ್ಲಿಂಗ್ ಅದೇ ಜಾತಿಯ ಮಂತ್ರ. ಅದು ನೆಲದಿಂದ ಕಲ್ಲುಗಳನ್ನೆತ್ತಿ ಬೀಸುತ್ತದೆ, ಡ್ಯಾಮೇಜ್ ಭೌತಿಕವಾದದ್ದು. ಮ್ಯಾಜಿಕ್‌ಗೆ ಬಗ್ಗದ ಶತ್ರುಗಳ ಮುಂದೆ ಇದೇ ನಿಮ್ಮ ಆಸರೆ. ಒಂದು ಎಚ್ಚರಿಕೆ: ಮೀಟಿಯೊರೈಟ್ ಸ್ಟಾಫ್ ಅನ್ನು ಬೇರೆ ಆಯುಧಗಳಂತೆ ಸ್ಮಿಥಿಂಗ್ ಕಲ್ಲು ಹಾಕಿ ಬಲಪಡಿಸಲು ಬರುವುದಿಲ್ಲ. ಆಟದ ಮಧ್ಯಭಾಗದವರೆಗೆ ಅದು ಸಾಕು, ಆಮೇಲೆ ಬಲಪಡಿಸಿದ ಬೇರೆ ದಂಡಕ್ಕೆ ಬದಲಾಯಿಸಲೇಬೇಕು.

ರಾಯಾ ಲುಕೇರಿಯಾ ಎಂಬ ಮಂತ್ರವಿದ್ಯಾಲಯದಲ್ಲಿ ರೆನ್ನಾಲಾ ಎಂಬ ಬಾಸ್ ಅನ್ನು ಸೋಲಿಸಿದ ಮೇಲೆ, ಅವಳಿಗೆ ಲಾರ್ವಲ್ ಟಿಯರ್ ಎಂಬ ವಸ್ತು ಒಂದನ್ನು ಕೊಟ್ಟು ಎಲ್ಲ ಪಾಯಿಂಟುಗಳನ್ನೂ ಹೊಸದಾಗಿ ಹಂಚಿಕೊಳ್ಳಬಹುದು. ರೆನ್ನಾಲಾಗೆ ಮ್ಯಾಜಿಕ್ ಅಷ್ಟಾಗಿ ತಾಗುವುದಿಲ್ಲ, ಅಲ್ಲೂ ರಾಕ್ ಸ್ಲಿಂಗ್ ಕೈಹಿಡಿಯುತ್ತದೆ. ಲೆವೆಲ್ 30ಕ್ಕೆ ನಾವು ಹೇಳುವ ಹಂಚಿಕೆ ಇದು: ವಿಗರ್ 20, ಮೈಂಡ್ 20, ಇಂಟೆಲಿಜೆನ್ಸ್ 24. ಮೈಂಡ್ 15ರಲ್ಲಿ ಎಫ್‌ಪಿ 95 ಇರುತ್ತದೆ. ಗ್ಲಿಂಟ್‌ಸ್ಟೋನ್ ಪೆಬಲ್ ಒಂದಕ್ಕೆ 7 ಖರ್ಚಾದರೆ 13 ಸಲ ಹೊಡೆಯಬಹುದು. ಮೈಂಡ್ 20ಕ್ಕೆ ಏರಿಸಿದರೆ 17 ಸಲ. ಅದಕ್ಕಿಂತ ಹೆಚ್ಚು ಬೇಕಾದರೆ ಲೆವೆಲ್ ಖರ್ಚು ಮಾಡುವ ಮೊದಲು ಫ್ಲಾಸ್ಕ್‌ಗಳ ಹಂಚಿಕೆ ನೋಡಿ. ಸೈಟ್ ಆಫ್ ಗ್ರೇಸ್ ಎಂಬ ಯಾವ ವಿಶ್ರಾಂತಿ ತಾಣದಲ್ಲಿ ಬೇಕಾದರೂ ಜೀವ ತುಂಬುವ ಕೆಂಪು ಮತ್ತು ಎಫ್‌ಪಿ ತುಂಬುವ ನೀಲಿ ಫ್ಲಾಸ್ಕ್‌ಗಳ ಲೆಕ್ಕ ಬದಲಾಯಿಸಬಹುದು, ಖರ್ಚಿಲ್ಲ. ಬಾಸ್ ಎದುರು ಹೋಗುವಾಗ ಒಂದು ಕೆಂಪಿಗೆ ಎರಡು ನೀಲಿ ಇಟ್ಟುಕೊಂಡು ನೋಡಿ.

ಪ್ರಶ್ನೆ: ಬಾಲ್ಡರ್ಸ್ ಗೇಟ್ 3ರಲ್ಲಿ ವಿಝರ್ಡ್, ಸಾರ್ಸರರ್, ವಾರ್ಲಾಕ್ ಮೂವರೂ ಮಂತ್ರವನ್ನೇ ಹಾಕುತ್ತಾರೆ. ಮೂವರಲ್ಲಿ ಯಾರನ್ನು ಆರಿಸಲಿ? ಇದು ನನ್ನ ಮೊದಲ ಆಟ.

ಉತ್ತರ: ಯಾರ ಮಂತ್ರ ಜೋರು ಎಂದು ಕೇಳಬೇಡಿ. ಖರ್ಚಾದ ಮಂತ್ರ ಯಾವಾಗ ವಾಪಸ್ ಬರುತ್ತದೆ ಎಂದು ಕೇಳಿ. ಮೂವರ ವ್ಯತ್ಯಾಸ ಇರುವುದು ಅಲ್ಲಿ.

ಲೆವೆಲ್ 5 ತೆಗೆದುಕೊಳ್ಳೋಣ. ಮೂರನೇ ದರ್ಜೆಯ ಮಂತ್ರವಾದ ಫೈರ್‌ಬಾಲ್ ಸಿಗುವುದು ಆಗಲೇ. ಒಂದು ಮಂತ್ರ ಹಾಕಿದರೆ ಅದರ ದರ್ಜೆಯ ಒಂದು ಸ್ಲಾಟ್ ಖರ್ಚಾಗುತ್ತದೆ. ವಿಝರ್ಡ್ ಬಳಿ ಮೊದಲ ದರ್ಜೆಯ 4, ಎರಡನೆಯದರ 3, ಮೂರನೆಯದರ 2 ಸ್ಲಾಟ್ ಇರುತ್ತವೆ. ಆರ್ಕೇನ್ ರಿಕವರಿ ಎಂಬ ತನ್ನ ವಿಶೇಷ ಶಕ್ತಿ ಬಳಸಿ ಮೂರನೇ ದರ್ಜೆಯ ಇನ್ನೊಂದನ್ನು ವಾಪಸ್ ಪಡೆಯಬಹುದು. ಅಲ್ಲಿಗೆ ಒಂದು ಲಾಂಗ್ ರೆಸ್ಟ್‌ಗೆ (ಕ್ಯಾಂಪ್‌ನಲ್ಲಿ ರಾತ್ರಿಯ ವಿಶ್ರಾಂತಿ) ಮೂರು ಫೈರ್‌ಬಾಲ್. ವಾರ್ಲಾಕ್ ಬಳಿ ಇರುವುದು ಎರಡೇ ಸ್ಲಾಟ್, ಆದರೆ ಎರಡೂ ಮೂರನೇ ದರ್ಜೆಯವು, ಶಾರ್ಟ್ ರೆಸ್ಟ್ ಎಂಬ ಪುಟ್ಟ ವಿರಾಮಕ್ಕೇ ತುಂಬುತ್ತವೆ. ಎರಡು ಲಾಂಗ್ ರೆಸ್ಟ್‌ಗಳ ನಡುವೆ ಎರಡು ಶಾರ್ಟ್ ರೆಸ್ಟ್ ಸಿಗುವುದರಿಂದ ಒಟ್ಟು ಆರು. ಸ್ಲಾಟ್ ಖಾಲಿಯಾದಾಗ ಎಲ್ಡ್ರಿಚ್ ಬ್ಲಾಸ್ಟ್ ಇದ್ದೇ ಇದೆ. ಅದಕ್ಕೆ ಖರ್ಚಿಲ್ಲ. ಲೆವೆಲ್ 5ರಿಂದ ಎರಡು ಕಿರಣ ಬರುತ್ತವೆ, ಅಗನೈಸಿಂಗ್ ಬ್ಲಾಸ್ಟ್ ಎಂಬ ಹೆಚ್ಚುವರಿ ಶಕ್ತಿ ತೆಗೆದುಕೊಂಡಿದ್ದರೆ ಪ್ರತಿ ಕಿರಣಕ್ಕೂ ಕರಿಸ್ಮಾದ ಬೋನಸ್ ಸೇರುತ್ತದೆ. ಆದರೆ ಒಂದೇ ಕಾಳಗದಲ್ಲಿ ಮೂರನೇ ದೊಡ್ಡ ಮಂತ್ರ ಬೇಕಾದರೆ ವಾರ್ಲಾಕ್ ಕೈ ಬರಿದು.

ಸಾರ್ಸರರ್‌ಗೆ ಗೊತ್ತಿರುವ ಮಂತ್ರಗಳು ಕಡಿಮೆ, ಲೆವೆಲ್ 5ಕ್ಕೆ ಆರು. ಬದಲಿಗೆ ಮೆಟಾಮ್ಯಾಜಿಕ್, ಎಂದರೆ ಮಂತ್ರ ಹಾಕುವ ರೀತಿಯನ್ನೇ ಬದಲಿಸುವ ಶಕ್ತಿ ಇದೆ. ಮೂರು ಸಾರ್ಸರಿ ಪಾಯಿಂಟ್ ಕೊಟ್ಟರೆ ಕ್ವಿಕನ್ಡ್ ಸ್ಪೆಲ್‌ನಿಂದ ಮಂತ್ರವನ್ನು ಬೋನಸ್ ಆಕ್ಷನ್‌ನಲ್ಲೇ (ಸರದಿಯಲ್ಲಿ ಸಿಗುವ ಎರಡನೇ ಸಣ್ಣ ಅವಕಾಶ) ಹಾಕಬಹುದು. ಎಂದರೆ ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್. ಟ್ವಿನ್ಡ್ ಸ್ಪೆಲ್ ಇದ್ದರೆ ವೇಗ ಹೆಚ್ಚಿಸುವ ಹೇಸ್ಟ್ ಮಂತ್ರ ಒಂದೇ ಸಲಕ್ಕೆ ಇಬ್ಬರ ಮೇಲೆ ಬೀಳುತ್ತದೆ.

ಮೊದಲ ಆಟಕ್ಕೆ ನಮ್ಮ ಮತ ಸಾರ್ಸರರ್‌ಗೆ. ಕಾರಣ ಮಂತ್ರವಲ್ಲ, ಮಾತು. ಕಥೆಯುದ್ದಕ್ಕೂ ಹೆಚ್ಚಾಗಿ ಮಾತಾಡುವುದು ನಿಮ್ಮ ಪಾತ್ರವೇ, ಮನವೊಲಿಸಲು ಬೇಕಾದ್ದು ಕರಿಸ್ಮಾ, ಸಾರ್ಸರರ್ ಮಂತ್ರ ನಡೆಯುವುದೂ ಕರಿಸ್ಮಾದಿಂದಲೇ. ವಿಝರ್ಡ್ ಬೇಕೆನಿಸಿದರೆ ನಿಮ್ಮ ಸಂಗಡಿಗರಲ್ಲಿ ಗೇಲ್ ಇದ್ದಾನೆ, ವಾರ್ಲಾಕ್ ಬೇಕಾದರೆ ವಿಲ್. ಗೇಲ್‌ಗೆ ಎವೊಕೇಶನ್ ಶಾಲೆ ಕೊಡಿ. ಎರಡನೇ ಲೆವೆಲ್‌ನಲ್ಲಿ ಬರುವ ಸ್ಕಲ್ಪ್ಟ್ ಸ್ಪೆಲ್ಸ್‌ನಿಂದಾಗಿ ಅವನ ಫೈರ್‌ಬಾಲ್ ನಿಮ್ಮವರನ್ನು ಸುಡುವುದಿಲ್ಲ. ಬೇರೆಯವರು ಹಾಕಿದರೆ ಖಂಡಿತ ಸುಡುತ್ತದೆ. ಸಿಕ್ಕ ಸ್ಕ್ರಾಲ್‌ಗಳಿಂದ ಗೇಲ್ ಮಂತ್ರ ಕಲಿಯಬಲ್ಲ, ದರ್ಜೆಗೆ 50 ಚಿನ್ನದಂತೆ. ಎವೊಕೇಶನ್ ಶಾಲೆಯವನಿಗೆ ಅದೇ ಶಾಲೆಯ ಮಂತ್ರಗಳು ಅರ್ಧ ಬೆಲೆಗೆ.

ಸ್ಟ್ಯಾಟ್ ಹಂಚಲು ಸಿಗುವುದು 27 ಪಾಯಿಂಟ್. ಕರಿಸ್ಮಾ 15, ಕಾನ್‌ಸ್ಟಿಟ್ಯೂಶನ್ 15, ಡೆಕ್ಸ್ಟೆರಿಟಿ 14, ವಿಸ್ಡಮ್ 10, ಉಳಿದೆರಡು 8. ಲೆಕ್ಕ ಸರಿಯಾಗಿ 27ಕ್ಕೆ ಮುಗಿಯುತ್ತದೆ. ಇದರ ಮೇಲೆ +2 ಕರಿಸ್ಮಾಗೆ, +1 ಕಾನ್‌ಸ್ಟಿಟ್ಯೂಶನ್‌ಗೆ ಹಾಕಿದರೆ 17 ಮತ್ತು 16. ಮನಸ್ಸು ಬದಲಾದರೆ ಕ್ಯಾಂಪ್‌ನಲ್ಲಿರುವ ವಿದರ್ಸ್‌ಗೆ 100 ಚಿನ್ನ ಕೊಟ್ಟು ಕ್ಲಾಸನ್ನೇ ಬದಲಾಯಿಸಬಹುದು. ಆದ್ದರಿಂದ ಈ ಆಯ್ಕೆಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಅದೇ ಆಟದಲ್ಲಿ ಹೇಸ್ಟ್ ಹಾಕಿದ ಮರು ಸರದಿಯಲ್ಲೇ ಕಾನ್‌ಸೆಂಟ್ರೇಶನ್ ಮುರಿಯುತ್ತದೆ, ನಮ್ಮ ಯೋಧ ಸುಮ್ಮನೆ ನಿಂತುಬಿಡುತ್ತಾನೆ. ತಪ್ಪೆಲ್ಲಿ?

ಉತ್ತರ: ಹೇಸ್ಟ್‌ನಂಥ ಮಂತ್ರ ನಡೆಯುತ್ತಿರಲು ಹಾಕಿದವನ ಗಮನ ಅದರ ಮೇಲೇ ಇರಬೇಕು, ಅದೇ ಕಾನ್‌ಸೆಂಟ್ರೇಶನ್. ಯೋಧ ನಿಲ್ಲುವುದು ಲೆಥಾರ್ಜಿಕ್ ಎಂಬ ಜಡ ಸ್ಥಿತಿಯಿಂದ. ಹೇಸ್ಟ್ ಕಳಚಿದಾಗ ಅದು ಬಂದೇ ಬರುತ್ತದೆ. ಟ್ವಿನ್ಡ್ ಹೇಸ್ಟ್ ಹಾಕಿದ್ದರೆ ಇಬ್ಬರೂ ಒಟ್ಟಿಗೆ ನಿಲ್ಲುತ್ತಾರೆ. ತಡೆಯಬೇಕಾದ್ದು ಕಳಚುವುದನ್ನು.

ಮಂತ್ರ ಹಾಕಿದವನಿಗೆ ಏಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಶನ್ ಪರೀಕ್ಷೆ ನಡೆಯುತ್ತದೆ: ಇಪ್ಪತ್ತು ಮುಖದ ದಾಳಕ್ಕೆ ಬೋನಸ್ ಕೂಡಿಸಿ ಗುರಿ ಮುಟ್ಟಬೇಕು. ಗುರಿ 10, ಅಥವಾ ಬಿದ್ದ ಡ್ಯಾಮೇಜ್‌ನ ಅರ್ಧ, ಯಾವುದು ಹೆಚ್ಚೋ ಅದು. 30 ಡ್ಯಾಮೇಜ್ ಬಿದ್ದರೆ ಗುರಿ 15. ಕಾನ್‌ಸ್ಟಿಟ್ಯೂಶನ್ 16 ಇರುವ ವಿಝರ್ಡ್‌ಗೆ ಬೋನಸ್ +3, ಎಂದರೆ ಗುರಿ 10 ಇದ್ದಾಗ ಶೇ. 30 ಸಲ ಸೋಲು. ಅಷ್ಟೇ ಕಾನ್‌ಸ್ಟಿಟ್ಯೂಶನ್ ಇರುವ ಲೆವೆಲ್ 5ರ ಸಾರ್ಸರರ್‌ಗೆ ಪ್ರೊಫಿಷಿಯೆನ್ಸಿಯೂ (ಪರಿಣತಿಯ ಬೋನಸ್) ಸೇರಿ +6, ಸೋಲು ಶೇ. 15. ವಿಝರ್ಡ್‌ಗೆ ನಾಲ್ಕನೇ ಲೆವೆಲ್‌ನಲ್ಲಿ ವಾರ್ ಕ್ಯಾಸ್ಟರ್ ಎಂಬ ಫೀಟ್ (ವಿಶೇಷ ಕೌಶಲ) ಕೊಟ್ಟರೆ ದಾಳ ಎರಡು ಸಲ ಉರುಳಿ ದೊಡ್ಡದು ಲೆಕ್ಕಕ್ಕೆ ಬರುತ್ತದೆ, ಶೇ. 30 ಇದ್ದದ್ದು 9ಕ್ಕೆ ಇಳಿಯುತ್ತದೆ. ನೆನಪಿಡಿ, ಇದು ಒಂದು ಏಟಿನ ಲೆಕ್ಕ. ಮೂರು ಏಟು ಬಿದ್ದರೆ ಮೂರು ಪರೀಕ್ಷೆ.

ಬಹಳ ಜನ ಗಮನಿಸದ ಕಾರಣ ಇನ್ನೊಂದಿದೆ: ಜಾರಿ ಬಿದ್ದರೂ ಕಾನ್‌ಸೆಂಟ್ರೇಶನ್ ಹೋಗುತ್ತದೆ, ಡ್ಯಾಮೇಜ್ ಶೂನ್ಯವಾಗಿದ್ದರೂ ಸರಿ. ನೀವೇ ಹಾಕಿದ ಐಸ್ ಮಂತ್ರದ ಹಿಮದ ಮೇಲೆ ನಿಮ್ಮ ಮಾಂತ್ರಿಕನನ್ನು ನಡೆಸಬೇಡಿ. ಒಬ್ಬರಿಗೆ ಒಂದೇ ಕಾನ್‌ಸೆಂಟ್ರೇಶನ್ ಎಂಬುದನ್ನೂ ಮರೆಯಬೇಡಿ. ಹೇಸ್ಟ್ ನಡೆಯುತ್ತಿರುವಾಗ ವೆಬ್ ಅಥವಾ ಹೋಲ್ಡ್ ಪರ್ಸನ್ ಹಾಕಿದರೆ ಹೇಸ್ಟ್ ಅಲ್ಲಿಗೆ ಮುಗಿಯಿತು. ಫೈರ್‌ಬಾಲ್, ಮ್ಯಾಜಿಕ್ ಮಿಸೈಲ್, ಮಿಸ್ಟಿ ಸ್ಟೆಪ್‌ಗೆ ಈ ತೊಂದರೆ ಇಲ್ಲ. ಹೇಸ್ಟ್ ಹಾಕಿ ಕಂಬದ ಮರೆಗೆ ಸರಿಯುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ.

ಪ್ರಶ್ನೆ: ಹೊಸ ಆಟವೊಂದನ್ನು ಶುರು ಮಾಡುವಾಗ ಮಾಂತ್ರಿಕ ಸರಿಹೊಂದುತ್ತಾನೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಉತ್ತರ: ಮೊದಲ ಕಾಳಗದಲ್ಲಿ ಇದ್ದಬದ್ದ ಮಂತ್ರಶಕ್ತಿಯನ್ನೆಲ್ಲ ಖಾಲಿ ಮಾಡಿ, ಅದು ಹೇಗೆ ತುಂಬುತ್ತದೆ ನೋಡಿ. ತಾನಾಗಿ ತುಂಬಿದರೆ ಓಡಾಡುತ್ತ ಹೊಡೆಯುವ ಬಿಲ್ಡ್ ನಡೆಯುತ್ತದೆ. ಔಷಧಿ ಕುಡಿದರೆ ಮಾತ್ರ ತುಂಬುವ ಆಟದಲ್ಲಿ ಪ್ರತಿ ಮಂತ್ರಕ್ಕೂ ಬೆಲೆ ಕಟ್ಟಬೇಕು. ವಿಶ್ರಾಂತಿಗೆ ಮಾತ್ರ ತುಂಬುವುದಾದರೆ ಒಂದು ದಿನಕ್ಕೆ ಎಷ್ಟು ಕಾಳಗ ಎಂಬ ಅಂದಾಜಿನ ಮೇಲೆ ಮಂತ್ರ ಆರಿಸಿ. ಪಾಯಿಂಟ್ ವಾಪಸ್ ಪಡೆಯುವ ದಾರಿ ಇದೆಯೇ ಎಂಬುದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಸ್ಕೈರಿಮ್‌ನಲ್ಲಿ ಡಿಸ್ಟ್ರಕ್ಷನ್ ಮಂತ್ರಗಳು (ಬೆಂಕಿ, ಹಿಮ, ಮಿಂಚಿನವು) ಮೊದಮೊದಲು ಚೆನ್ನಾಗಿದ್ದವು. ಈಗ ಡಿಸ್ಟ್ರಕ್ಷನ್ 80 ದಾಟಿದೆ, ಆದರೂ ಶತ್ರುಗಳು ಸಾಯುತ್ತಲೇ ಇಲ್ಲ, ಮ್ಯಾಜಿಕಾ (ಮಂತ್ರಶಕ್ತಿ) ಮಾತ್ರ ಮುಗಿಯುತ್ತದೆ.

ಉತ್ತರ: 2011ರ ಈ ಆಟದಲ್ಲಿ ಸ್ಕಿಲ್ ಏರಿದಂತೆ ಮಂತ್ರದ ಖರ್ಚು ಇಳಿಯುತ್ತದೆ, ಡ್ಯಾಮೇಜ್ ಏರುವುದಿಲ್ಲ. ಫೈರ್‌ಬೋಲ್ಟ್ ಮೊದಲ ದಿನವೂ 25, ಡಿಸ್ಟ್ರಕ್ಷನ್ 80ರಲ್ಲೂ 25. ಆಗ್ಮೆಂಟೆಡ್ ಫ್ಲೇಮ್ಸ್ ಎಂಬ ಪರ್ಕ್ (ಸ್ಕಿಲ್‌ನೊಳಗೆ ಆರಿಸಿಕೊಳ್ಳುವ ಸೌಲಭ್ಯ) ಎರಡೂ ಹಂತ ತೆಗೆದುಕೊಂಡರೆ ಶೇ. 50 ಸೇರುತ್ತದೆ, ಅಷ್ಟೇ. ಶತ್ರುಗಳ ಜೀವ ಮಾತ್ರ ನಿಮ್ಮ ಲೆವೆಲ್ ಜೊತೆ ಬೆಳೆಯುತ್ತಲೇ ಇರುತ್ತದೆ.

ಹಾಗಾಗಿ ಈ ಬಿಲ್ಡ್ ಪೂರ್ತಿಯಾಗುವುದು ಎನ್‌ಚ್ಯಾಂಟಿಂಗ್‌ನಿಂದ, ಎಂದರೆ ಉಡುಪು-ಒಡವೆಗಳಿಗೆ ಮಂತ್ರಗುಣ ಸೇರಿಸುವ ಸ್ಕಿಲ್‌ನಿಂದ. ಆ ಸ್ಕಿಲ್ 100 ಮುಟ್ಟಿ ಪರ್ಕ್‌ಗಳೂ ಇದ್ದು, ಗ್ರ್ಯಾಂಡ್ ಸೋಲ್ (ಹರಳಿನಲ್ಲಿ ಹಿಡಿದ ಅತಿ ದೊಡ್ಡ ದರ್ಜೆಯ ಆತ್ಮ) ಬಳಸಿದರೆ ಒಂದು ವಸ್ತುವಿನ ಮೇಲೆ ಡಿಸ್ಟ್ರಕ್ಷನ್ ಖರ್ಚನ್ನು ಶೇ. 25 ಇಳಿಸಬಹುದು. ತಲೆ, ಮೈ, ಉಂಗುರ, ಸರ, ಈ ನಾಲ್ಕರಲ್ಲೂ ಅದನ್ನೇ ಹಾಕಿ. ಒಟ್ಟು ನೂರಾಗಿ ಖರ್ಚು ಸೊನ್ನೆಗೆ ಬರುತ್ತದೆ. ಆಮೇಲೆ ಇಂಪ್ಯಾಕ್ಟ್ ಪರ್ಕ್ ಕೆಲಸಕ್ಕೆ ಬರುತ್ತದೆ. ಅದು ಡಿಸ್ಟ್ರಕ್ಷನ್ 40ಕ್ಕೇ ಸಿಗುತ್ತದೆ, ಡ್ಯುಯಲ್ ಕಾಸ್ಟಿಂಗ್ ಮೊದಲು ತೆಗೆದುಕೊಂಡಿರಬೇಕು. ಎರಡೂ ಕೈಯಿಂದ ಒಟ್ಟಿಗೆ ಹಾಕಿದ ಮಂತ್ರಕ್ಕೆ ಬಲ 2.2 ಪಟ್ಟು, ಖರ್ಚು 2.8 ಪಟ್ಟು. ಖರ್ಚು ಸೊನ್ನೆಯಾದವರಿಗೆ ಆ ನಷ್ಟವೇ ಇಲ್ಲ, ಎದುರಾಳಿ ಪ್ರತಿ ಏಟಿಗೂ ತತ್ತರಿಸುತ್ತಾನೆ. ಡ್ರ್ಯಾಗನ್ ಕೂಡ. ಡ್ಯಾಮೇಜ್ ಏರಿಸಲು ಫಾರ್ಟಿಫೈ ಡಿಸ್ಟ್ರಕ್ಷನ್ ಔಷಧಿ ಕುಡಿಯಿರಿ, ಅದು ಮಂತ್ರದ ಬಲವನ್ನೇ ಹೆಚ್ಚಿಸುತ್ತದೆ. ಗೋರಿಗಳಲ್ಲಿ ಡ್ರಾಗರ್ ಎಂಬ ಎದ್ದುಬಂದ ಹೆಣಗಳ ಮೇಲೆ ಹಿಮದ ಮಂತ್ರ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ, ಅರ್ಧ ಬಲ ವ್ಯರ್ಥ. ಬೆಂಕಿ ಹಾಕಿ. ಮಾಂತ್ರಿಕರ ಎದುರು ಮಿಂಚು, ಅದು ಅವರ ಮ್ಯಾಜಿಕಾವನ್ನೂ ಹೀರುತ್ತದೆ.

ಪ್ರಶ್ನೆ: ಎಲ್ಡನ್ ರಿಂಗ್‌ನಲ್ಲಿ ಕತ್ತಿ ಮತ್ತು ಮಂತ್ರ ಎರಡೂ ಬೇಕು. ಅಸ್ಟ್ರಾಲಜರೋ, ಪ್ರಿಸನರೋ?

ಉತ್ತರ: ಮೂನ್‌ವೇಲ್ ಕಟಾನಾ ಗುರಿಯಾಗಿಟ್ಟುಕೊಳ್ಳಿ. ಅದಕ್ಕೆ ಸ್ಟ್ರೆಂಥ್ 12, ಡೆಕ್ಸ್ಟೆರಿಟಿ 18, ಇಂಟೆಲಿಜೆನ್ಸ್ 23 ಬೇಕು. ಗೇಲ್ ಟನಲ್ ಎಂಬ ಸುರಂಗದ ಬಾಸ್ ಮ್ಯಾಗ್ಮಾ ವಿರ್ಮ್ ಅನ್ನು ಸೋಲಿಸಿದರೆ ಸಿಗುತ್ತದೆ. ಸ್ವಾರಸ್ಯವೆಂದರೆ ಎರಡು ಕ್ಲಾಸ್‌ಗಳೂ ಈ ಅರ್ಹತೆ ಮುಟ್ಟುವುದು ಲೆವೆಲ್ 23ರಲ್ಲೇ. ಆಗ ಪ್ರಿಸನರ್‌ಗೆ ವಿಗರ್ 11, ಎಂಡ್ಯೂರೆನ್ಸ್ 11, ಮೈಂಡ್ 12 ಇರುತ್ತದೆ, ಅಸ್ಟ್ರಾಲಜರ್‌ಗೆ 9, 9, 15. ಕತ್ತಿ ಹಿಡಿದು ಹತ್ತಿರ ಹೋಗುವವರಾದರೆ ಪ್ರಿಸನರ್. ಇಂಟೆಲಿಜೆನ್ಸ್ ಜೊತೆ ಫೇತ್ ಕೂಡ ಬೆಳೆಸುವ ಯೋಚನೆ ಇದ್ದರೆ ಈಗಲೇ ಬೇಡ. ಎರಡನ್ನೂ ಬೇಡುವ ಸೋರ್ಡ್ ಆಫ್ ನೈಟ್ ಆ್ಯಂಡ್ ಫ್ಲೇಮ್ ಎಂಬ ಕತ್ತಿ ಎತ್ತಲು ಎರಡೂ 24 ಬೇಕು, ಪ್ರಿಸನರ್‌ಗೆ ಫೇತ್ ಒಂದಕ್ಕೇ 18 ಲೆವೆಲ್ ಹೋಗುತ್ತದೆ. ಆ 18 ಮೊದಲು ವಿಗರ್‌ಗೆ ಹೋಗಲಿ.